ಶೇಂಗಾ ಹಳದಿ ಆಗಿದೆ, ಅಂಗಡಿಯವರು "ಹುಳಿ ಮಣ್ಣು, ಸುಣ್ಣ ಹಾಕು" ಅಂದರು. ಹಾಕಲಾ ಬೇಡವಾ?

ಪರಶುರಾಂಪುರ_ಶೇಂಗಾ
ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕು. ನಾಲ್ಕು ಎಕರೆ ಶೇಂಗಾ ಹಾಕಿದ್ದೇನೆ, ಬಿತ್ತಿ ಮೂವತ್ತೈದು ದಿನ ಆಯ್ತು. ಹೋದ ವಾರ ಮೂರು ದಿನ ಒಂದೇ ಸಮನೆ ಮಳೆ ಹಿಡಿಯಿತು. ಬಿಟ್ಟ ಮೇಲೆ ಹೋಗಿ ನೋಡಿದರೆ ತಗ್ಗಿನ ಕಡೆ ಪೂರ್ತಿ ಹಳದಿ. ಏರಿನ ಕಡೆ ಕೆಂಪು ಮಣ್ಣಲ್ಲಿ ಬೆಳೆ ಚೆನ್ನಾಗೇ ಇದೆ. ಯೂರಿಯಾ ಕೊಟ್ಟೆ, ಏನೂ ಪ್ರಯೋಜನ ಆಗಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ "ಕಲ್ಲು ಕರಗಿ ಮಣ್ಣು ಹುಳಿ ಆಗಿದೆ, ಎಕರೆಗೆ ಐದು ಚೀಲ ಸುಣ್ಣ ಹಾಕು" ಅಂದರು. ಇಪ್ಪತ್ತು ಚೀಲ ತಂದು ಮನೆ ಮುಂದೆ ಇಳಿಸಿಯೂ ಆಯ್ತು. ಈಗ ಅಪ್ಪ ಬೈತಾ ಇದ್ದಾರೆ. "ವರ್ಷಾ ವರ್ಷಾ ಹೊಲದಿಂದ ಸುಣ್ಣಕಲ್ಲು ಆರಿಸಿ ಬದುವಿಗೆ ಹಾಕ್ತೀವಿ, ನೀನು ದುಡ್ಡು ಕೊಟ್ಟು ಮತ್ತೆ ಸುಣ್ಣ ತಂದಿದ್ದೀಯಾ" ಅಂತ. ಯಾರ ಮಾತು ಕೇಳಲಿ?

ದಾವಣಗೆರೆ_ಬೆಣ್ಣೆ
ಅಪ್ಪನ ಮಾತು ಕೇಳು ಗುರುವೇ. ಕಾರಣ ಆಮೇಲೆ ಹುಡುಕೋಣ.

ಚನ್ನಗಿರಿ_ತೋಟ
ಇಲ್ಲ ಬ್ರದರ್, ಸುಣ್ಣ ಒಳ್ಳೆಯದೇ. ನಮ್ಮ ಅಡಿಕೆ ತೋಟದ ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಮ್ಮಿ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ) 5.4 ಬಂತು. ಎರಡು ವರ್ಷದಿಂದ ಸುಣ್ಣ ಹಾಕ್ತಾ ಇದ್ದೇನೆ, ಬೇರು ಈಗ ಚೆನ್ನಾಗಿ ಬಿಡ್ತಾ ಇದೆ. ಧೈರ್ಯವಾಗಿ ಹಾಕಿ.

ಕಲ್ಲು_ಮೇಷ್ಟ್ರು
ದಯವಿಟ್ಟು ಚೀಲ ಒಡೆಯಬೇಡಿ. ನಿಮ್ಮ ತಂದೆ ಹೇಳಿದ್ದು ಸರಿ ಇರಬಹುದು ಅಂತ ನನಗೆ ಅನಿಸ್ತಾ ಇದೆ. ಮೊದಲು ಮೂರು ವಿಷಯ ಹೇಳಿ. ಹಳದಿ ಆಗಿರುವುದು ತುದಿಯ ಎಳೆ ಎಲೆಯಾ, ಕೆಳಗಿನ ಹಳೆ ಎಲೆಯಾ? ಎಲೆಯ ನರ ಹಸಿರಾಗೇ ಇದೆಯಾ? ಆ ತಗ್ಗಿನ ಮಣ್ಣು ಕಪ್ಪಗಿದೆಯಾ?

ಇನ್ನೊಂದು ಕೆಲಸ. ಅಲ್ಲಿಂದ ಒಂದು ಹಿಡಿ ಒಣ ಮಣ್ಣು ತಂದು ತಟ್ಟೆಯಲ್ಲಿ ಹಾಕಿ, ಮೇಲೆ ಸ್ವಲ್ಪ ವಿನೆಗರ್ ಬಿಡಿ. ವಿನೆಗರ್ ಇಲ್ಲದಿದ್ದರೆ ನಿಂಬೆಹಣ್ಣು ಹಿಂಡಿ. ಕಿವಿ ಹತ್ತಿರ ಇಟ್ಟು ಕೇಳಿ.

ಪರಶುರಾಂಪುರ_ಶೇಂಗಾ
ಮೇಷ್ಟ್ರೇ, ತುದಿ ಎಲೆಗಳೇ ಹಳದಿ. ನರ ಹಸಿರಾಗಿದೆ, ನಡುವೆ ಮಾತ್ರ ಬಿಳಿಚಿಕೊಂಡಿದೆ. ಮಣ್ಣು ಕಪ್ಪು, ಎರೆ ತರ. ನಿಂಬೆಹಣ್ಣು ಹಿಂಡಿದೆ. ಚುರ್ ಚುರ್ ಅಂತು, ಸಣ್ಣ ಗುಳ್ಳೆ ಎದ್ದವು! ಮೇಲಿನ ಕೆಂಪು ಮಣ್ಣಿಗೂ ಹಿಂಡಿ ನೋಡಿದೆ, ಅದು ಸುಮ್ಮನೆ ಇತ್ತು. ಅಮ್ಮ ಬಂದು ಊಟದ ನಿಂಬೆಹಣ್ಣು ಎಲ್ಲಿ ಅಂತ ಕೇಳ್ತಾ ಇದ್ದಾರೆ.

ಕಲ್ಲು_ಮೇಷ್ಟ್ರು
ಹಾಗಾದರೆ ಕಥೆ ಉಲ್ಟಾ. ಗುಳ್ಳೆ ಬಂತು ಅಂದರೆ ಮಣ್ಣಿನಲ್ಲಿ ಸುಣ್ಣ ಈಗಾಗಲೇ ತುಂಬಿದೆ. ಹುಳಿ ತಾಗಿದಾಗ ಸುಣ್ಣದಿಂದ ಇಂಗಾಲದ ಡೈಆಕ್ಸೈಡ್ ಬಿಡುಗಡೆ ಆಗುತ್ತದೆ, ನೀವು ಕೇಳಿದ್ದು ಅದರ ಸದ್ದು. ಅದು ಹುಳಿ ಮಣ್ಣಲ್ಲ. ಕ್ಷಾರದ ಕಡೆ ವಾಲಿದ ಮಣ್ಣು.

ನಿಮ್ಮ ಗಿಡಕ್ಕೆ ಬಂದಿರುವುದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಪಿಎಚ್ ಎಂಟು ದಾಟಿದರೆ ಅದು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಮಳೆ ಹಿಡಿದು ನೀರು ನಿಂತರೆ ಇನ್ನೂ ಜಾಸ್ತಿ ಆಗುತ್ತದೆ. ಯೂರಿಯಾ ಕೊಡುವುದು ಸಾರಜನಕ. ಅದು ಕಮ್ಮಿ ಆಗಿದ್ದರೆ ಮೊದಲು ಹಳೆ ಎಲೆ ಹಳದಿ ಆಗುತ್ತಿತ್ತು. ನಿಮ್ಮಲ್ಲಿ ಎಳೆ ಎಲೆ ಆಗಿದೆ, ಅದಕ್ಕೇ ಯೂರಿಯಾ ಕೆಲಸ ಮಾಡಲಿಲ್ಲ. ಇದರ ಮೇಲೆ ಇಪ್ಪತ್ತು ಚೀಲ ಸುಣ್ಣ ಬಿದ್ದಿದ್ದರೆ, ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಿಸಿಲಿಗೆ ಕೂರಿಸಿದ ಹಾಗೆ.

ಮಣ್ಣು ಪರೀಕ್ಷೆಗೆ ಕೊಡಿ. ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರ, ಬಬ್ಬೂರು ಫಾರಂ, ನಿಮಗೆ ಹತ್ತಿರ. ತಗ್ಗಿನದ್ದು ಬೇರೆ, ಏರಿನದ್ದು ಬೇರೆ, ಎರಡು ಮಾದರಿ. ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಆರು ಇಂಚು ಗುಂಡಿ ತೆಗೆದು, ಗೋಡೆಯಿಂದ ಮಣ್ಣು ಕೆರೆದು, ಕಲಸಿ ಅರ್ಧ ಕೆಜಿ ಇಟ್ಟುಕೊಳ್ಳಿ. ತಿಪ್ಪೆ ಪಕ್ಕದ ಮಣ್ಣು, ಬದುವಿನ ಮಣ್ಣು ಬೇಡ.

ಚನ್ನಗಿರಿ_ತೋಟ
ಹಾಗಾದರೆ ನಾನು ಹೇಳಿದ್ದು ತಪ್ಪಾ ಮೇಷ್ಟ್ರೇ? ನಮ್ಮ ತೋಟಕ್ಕೂ ಅವರ ಹೊಲಕ್ಕೂ ನೂರೈವತ್ತು ಕಿಲೋಮೀಟರ್ ಕೂಡ ಇಲ್ಲವೇನೋ. ನಮ್ಮಲ್ಲೂ ಅದೇ ಕಲ್ಲು. ನಮ್ಮದು ಹೇಗೆ ಹುಳಿ, ಅವರದು ಹೇಗೆ ಕ್ಷಾರ?

ಕಲ್ಲು_ಮೇಷ್ಟ್ರು
ನಿಮ್ಮ ತೋಟಕ್ಕೆ ನೀವು ಮಾಡಿದ್ದು ಸರಿ. ಅವರಿಗೆ ಹೇಳಿದ್ದು ತಪ್ಪು. ಕಲ್ಲು ಒಂದೇ ಇರಬಹುದು, ಮಳೆ ಬೇರೆ ಅಲ್ವಾ.

ಸ್ವಲ್ಪ ಉದ್ದ ಬರೀತೀನಿ, ನಿವೃತ್ತಿ ಆದ ಮೇಲೆ ಕೇಳುವವರು ಸಿಕ್ಕಿರುವುದೇ ಅಪರೂಪ. ಮಳೆ ನೀರು ಶುದ್ಧ ನೀರಲ್ಲ. ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿ ಆಗಿರುತ್ತದೆ. ಯಾವ ಕಾರ್ಖಾನೆ ಹೊಗೆಯೂ ಇಲ್ಲದ ಕಡೆ ಕೂಡ ಮಳೆಯ ಪಿಎಚ್ 5.6ರ ಆಸುಪಾಸು. ಮಣ್ಣಿಗೆ ಇಳಿದ ಮೇಲೆ ಬೇರು ಮತ್ತು ಸೂಕ್ಷ್ಮ ಜೀವಿಗಳು ಬಿಡುವ ಉಸಿರು ಸೇರಿ ಇನ್ನೂ ಹುಳಿ ಆಗುತ್ತದೆ. ಸೋಡಾದ ಹಾಗೆ ಅಂದುಕೊಳ್ಳಿ, ಅಷ್ಟು ಗಟ್ಟಿ ಅಲ್ಲ.

ನಮ್ಮ ಕಲ್ಲಲ್ಲಿ ಮುಖ್ಯವಾಗಿ ಮೂರು ಇವೆ. ಬೆಣಚು, ಕಾಗೆಬಂಗಾರ, ಮತ್ತೆ ಫೆಲ್ಡ್‌ಸ್ಪಾರ್ ಅಂತ ಬಿಳಿ ಇಲ್ಲವೇ ತಿಳಿಗುಲಾಬಿ ಬಣ್ಣದ ಹರಳು. ಈ ಸಪ್ಪೆ ಹುಳಿ ಫೆಲ್ಡ್‌ಸ್ಪಾರನ್ನು ನಿಧಾನವಾಗಿ ತಿನ್ನುತ್ತದೆ. ಅದರಲ್ಲಿದ್ದ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಶಿಯಂ ನೀರಿಗೆ ಹೋಗುತ್ತವೆ, ಉಳಿದದ್ದು ಜೇಡಿ. ಕಾಗೆಬಂಗಾರದ ಕಬ್ಬಿಣ ತುಕ್ಕು ಹಿಡಿದು ಮಣ್ಣು ಕೆಂಪಾಗುತ್ತದೆ. ಬೆಣಚಿಗೆ ಏನೂ ಆಗುವುದಿಲ್ಲ, ಅದೇ ಮರಳು. ಬಾವಿ ತೋಡುವಾಗ ಕೈಯಲ್ಲಿ ಹಿಸುಕಿದರೆ ಉದುರುವ ಗರಸು ಸಿಗುತ್ತದಲ್ಲ, ಅದು ಅರ್ಧ ಕಲ್ಲು, ಅರ್ಧ ಮಣ್ಣು.

ಈಗ ನೀರಿಗೆ ಹೋದ ಕ್ಯಾಲ್ಸಿಯಂ ಎಲ್ಲಿಗೆ ಹೋಯ್ತು ಅನ್ನುವುದೇ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ. ಎಲ್ಲ ತೊಳೆದುಕೊಂಡು ಹೊಳೆ ಸೇರುತ್ತದೆ, ಹಿಂದೆ ಉಳಿಯುವುದು ಹುಳಿ ಮಣ್ಣು. ಚನ್ನಗಿರಿ ಮಲೆನಾಡಿನ ಅಂಚು, ಅಲ್ಲಿ ಅದರ ಸಣ್ಣ ನೆರಳಿದೆ. ಚಳ್ಳಕೆರೆ ಕಡೆ ಮಳೆ 500 ಮಿ.ಮೀ. ಆಸುಪಾಸು. ನೀರು ಒಂದೆರಡು ಅಡಿ ಇಳಿಯುವಷ್ಟರಲ್ಲಿ ಬಿಸಿಲಿಗೆ ಆರುತ್ತದೆ. ಕ್ಯಾಲ್ಸಿಯಂ ಅಲ್ಲೇ ಗಟ್ಟಿಯಾಗಿ ಸುಣ್ಣಕಲ್ಲಾಗುತ್ತದೆ. ಏರಿನಿಂದ ಕರಗಿದ್ದು ತಗ್ಗಿಗೆ ಬಂದು ಸೇರುತ್ತದೆ. ಅದಕ್ಕೇ ನಿಮ್ಮ ಏರಲ್ಲಿ ಗುಳ್ಳೆ ಇಲ್ಲ, ತಗ್ಗಲ್ಲಿ ಗುಳ್ಳೆ.

ಚನ್ನಗಿರಿಯವರೇ, ನಿಮ್ಮ ಹುಳಿಗೆ ಮಳೆ ಒಂದೇ ಕಾರಣ ಅಲ್ಲ. ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್ ವರ್ಷಗಟ್ಟಲೆ ಕೊಟ್ಟರೆ ಮಣ್ಣು ಹುಳಿ ಆಗ್ತಾ ಹೋಗುತ್ತದೆ. ಅಮೋನಿಯಂ ನೈಟ್ರೇಟ್ ಆಗಿ ಬದಲಾಗುವಾಗ ಆಮ್ಲ ಬಿಡುತ್ತದೆ. ಎರೆಹೊಲದ ಸುಣ್ಣ ಅದನ್ನು ನುಂಗಿಬಿಡುತ್ತದೆ, ನಿಮ್ಮ ಮಣ್ಣಲ್ಲಿ ನುಂಗುವವರಿಲ್ಲ.

ದಾವಣಗೆರೆ_ಬೆಣ್ಣೆ
ಮೇಷ್ಟ್ರೇ ನೀವು ಕಾಲೇಜಲ್ಲಿ ಹೀಗೆ ಪಾಠ ಮಾಡಿದ್ದರೆ ನಾನು ಕಾಮರ್ಸ್‌ಗೆ ಹೋಗ್ತಾ ಇರಲಿಲ್ಲ.

ಕೋಟೆ_ಸುತ್ತು
ನಾನು ದುರ್ಗದ ಕೋಟೆಗೆ ದಿನಾ ಬೆಳಿಗ್ಗೆ ಹತ್ತುವವನು. ಮಳೆಯೇ ಹುಳಿ ಅಂದರೆ ಏಳು ಸುತ್ತಿನ ಕೋಟೆ ಕರಗಲ್ವಾ? ಓಬವ್ವನ ಕಿಂಡಿ ಹತ್ತಿರ ಬಂಡೆಗಳೆಲ್ಲ ಗುಂಡಗಿವೆ, ಕೆಲವು ಈರುಳ್ಳಿ ಸಿಪ್ಪೆ ತರ ಎದ್ದಿವೆ. ಅದು ಹುಳಿ ಮಳೆ ಕೆಲಸಾನಾ?

ಕಲ್ಲು_ಮೇಷ್ಟ್ರು
ಕೋಟೆ ನಿಂತಿರುವ ಗ್ರಾನೈಟ್‌ಗೆ ಸುಮಾರು 260 ಕೋಟಿ ವರ್ಷ. ನೀವು ಹೆದರಬೇಡಿ. ಗುಂಡಗೆ ಆಗುವುದಕ್ಕೆ ಕಾರಣ ಸರಳ. ಚೌಕದ ಬಂಡೆಗೆ ನೀರು ಮೂಲೆಯಲ್ಲಿ ಮೂರು ಕಡೆಯಿಂದ ತಾಗುತ್ತದೆ, ಅಂಚಲ್ಲಿ ಎರಡು ಕಡೆಯಿಂದ, ಮುಖದಲ್ಲಿ ಒಂದೇ ಕಡೆಯಿಂದ. ಮೂಲೆ ಮೊದಲು ಹೋಗುತ್ತದೆ. ಇದರಲ್ಲಿ ಬಹುಪಾಲು ನಡೆದಿದ್ದು ಮಣ್ಣಿನ ಒಳಗೆ, ಬಂಡೆ ಹೂತಿದ್ದಾಗ. ಆಮೇಲೆ ಸುತ್ತಲಿನ ಗರಸು ಕೊಚ್ಚಿಹೋಗಿ ಒಳಗಿನ ಗಟ್ಟಿ ಗುಂಡು ಹೊರಗೆ ಬಂತು. ಸಿಪ್ಪೆ ಏಳುವುದಕ್ಕೆ ಬಿಸಿಲಿನ ಕಾವು ಒಂದು ಕಾರಣ, ಮೇಲಿನ ಭಾರ ಇಳಿದು ಬಂಡೆ ಸಡಿಲ ಆಗುವುದು ಇನ್ನೊಂದು. ಹುಳಿ ಮಳೆಗೆ ನಿಜವಾಗಿ ಹೆದರಬೇಕಾದ್ದು ಅಮೃತಶಿಲೆ, ಸುಣ್ಣದ ಕಲ್ಲು. ಕೋಟೆಯಲ್ಲಿ ಹೆದರಬೇಕಾದ್ದು ಅಂದರೆ ಸುಣ್ಣದ ಗಾರೆ, ಆಮೇಲೆ ಗೋಡೆ ಸಂದಿಯಲ್ಲಿ ಹುಟ್ಟುವ ಅರಳಿ, ಬಸರಿ ಗಿಡ. ಬೇರು ಹೊಕ್ಕರೆ ಕಲ್ಲನ್ನೇ ಸರಿಸುತ್ತದೆ.

ಮೊಳಕಾಲ್ಮೂರು_ಮಗ್ಗ
ಗ್ರಾನೈಟ್ ಎಷ್ಟು ನಿಧಾನ ಸವೆಯುತ್ತದೆ ಅಂತ ನೋಡಬೇಕಿದ್ದರೆ ನಮ್ಮ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಗೆ ಬನ್ನಿ. ಅಶೋಕನ ಶಾಸನ ಇದೆ. 2200 ವರ್ಷ ದಾಟಿದೆ, ಇವತ್ತಿಗೂ ಅಕ್ಷರ ಕಾಣುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದಾಗ ಊರವರು ಅದನ್ನು ಅಕ್ಷರ ಗುಂಡು ಅಂತ ಕರೀತಾ ಇದ್ದರಂತೆ. ಆದರೆ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದು ತುಂಬಾ ಹಾಳಾಗಿದೆ. ಅದರ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುವವರು ಅದೇ ಬಂಡೆಯಲ್ಲಿ ಗೂಟಕ್ಕೆ ತೂತು ಕೊರೆದುಬಿಟ್ಟಿದ್ದರು. ಮಳೆ ಮಾಡದ ಕೆಲಸವನ್ನು ನಾವೇ ಮಾಡಿದ್ದೇವೆ.

ಕಲ್ಲು_ಮೇಷ್ಟ್ರು
ಭಾಳ ಒಳ್ಳೆ ಉದಾಹರಣೆ ಕೊಟ್ಟಿರಿ. ಉಳಿಯಿಂದ ಕೊರೆದ ಅಕ್ಷರದ ಆಳ ಎಷ್ಟಿರುತ್ತದೆ? ಕೆಲವು ಮಿಲಿಮೀಟರ್. ಎರಡು ಸಾವಿರ ವರ್ಷದ ಮಳೆ ಅಷ್ಟನ್ನು ಅಳಿಸಿಲ್ಲ. ಹೊರಗೆ ನಿಂತ ಬಂಡೆ ಮೇಲೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ, ಅದೂ ಒಂದು ಕಾರಣ. ಮಣ್ಣಿನಡಿ ಇದ್ದರೆ ಇನ್ನೂ ಬೇಗ. ಹಾಗಂದರೂ ನಮ್ಮ ಒಣ ಸೀಮೆಯಲ್ಲಿ ಕಲ್ಲಿನಿಂದ ಒಂದು ಇಂಚು ಮಣ್ಣು ಆಗುವುದಕ್ಕೆ ಸಾವಿರ ವರ್ಷ ದಾಟುತ್ತದೆ.

ಜಗಳೂರು_ಜೋಳ
ಈ ಇಂಚಿನ ಲೆಕ್ಕ ಕೇಳಿ ಹೊಟ್ಟೆ ಉರೀತು. ಹೋದ ವರ್ಷ ನನ್ನ ಮೆಕ್ಕೆಜೋಳದ ಹೊಲದಲ್ಲಿ ಒಂದೇ ರಾತ್ರಿ ಕೊರಕಲು ಬಿತ್ತು, ಮೊಣಕಾಲುದ್ದ. ಅದರ ಹಿಂದಿನ ಬೇಸಿಗೆಯಲ್ಲಿ ಒಬ್ಬ ಗುತ್ತಿಗೆದಾರ ಬಂದು ಜೆಸಿಬಿಯಲ್ಲಿ ಬದು ಹಾಕಿ ಫೋಟೋ ಹೊಡೆದುಕೊಂಡು ಹೋಗಿದ್ದ. ಬದುವಿಗೆ ಕೋಡಿಯೇ ಬಿಟ್ಟಿರಲಿಲ್ಲ. ನೀರು ತುಂಬಿತು, ಒಂದು ಕಡೆ ಒಡೆಯಿತು, ಅಲ್ಲಿಂದ ಕೆಳಗೆ ಸೀಳಿಕೊಂಡು ಹೋಯಿತು. ಬದು ಇಲ್ಲದಿದ್ದರೆ ಅಷ್ಟು ಹಾನಿ ಆಗ್ತಾ ಇರಲಿಲ್ಲ ಅಂತ ನಾನು ಈಗಲೂ ಹೇಳ್ತೀನಿ. ಕೇಳಿದರೆ ಬಿಲ್ ಆಗಿದೆ ಅಂದ. ಹುಳಿ, ಕ್ಷಾರ ಎಲ್ಲ ಸರಿ ಮೇಷ್ಟ್ರೇ, ಮಣ್ಣೇ ಇಲ್ಲದಿದ್ದರೆ ಪಿಎಚ್ ಯಾವುದಕ್ಕೆ ನೋಡೋದು?

ಕಲ್ಲು_ಮೇಷ್ಟ್ರು
ನೀವು ಹೇಳಿದ್ದೇ ದೊಡ್ಡ ಮಾತು. ಕೊರಕಲು ಕಣ್ಣಿಗೆ ಬೀಳುತ್ತದೆ, ಅದಕ್ಕೇ ಬೈತೀವಿ. ಕಾಣದೆ ಹೋಗುವುದು ಅದಕ್ಕಿಂತ ಜಾಸ್ತಿ. ಒಂದು ಎಕರೆಯಲ್ಲಿ ಒಂದೇ ಮಿಲಿಮೀಟರ್ ಪದರ ಹೋಯಿತು ಅನ್ನಿ. ಎಕರೆ ಅಂದರೆ 4047 ಚದರ ಮೀಟರ್, ಹಾಗಾದರೆ ನಾಲ್ಕು ಘನ ಮೀಟರ್ ಮಣ್ಣು. ತೂಕ ಐದು ಟನ್ ಮೇಲೆ. ಹತ್ತಿರ ಹತ್ತಿರ ಎರಡು ಟ್ರ್ಯಾಕ್ಟರ್ ಲೋಡ್. ನಿಮ್ಮ ಹೊಲದಿಂದ ಯಾರಾದರೂ ಎರಡು ಲೋಡ್ ಮಣ್ಣು ಕದ್ದರೆ ಸ್ಟೇಷನ್‌ಗೆ ಹೋಗ್ತೀರಿ. ಮಳೆ ಕದ್ದರೆ ಗೊತ್ತೇ ಆಗುವುದಿಲ್ಲ. ನಮ್ಮ ದೇಶದ ಸರಾಸರಿ ಸವಕಳಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 16 ಟನ್ ಅಂತ 1983ರಲ್ಲೇ ಲೆಕ್ಕ ಹಾಕಿದ್ದರು. ಅಂದರೆ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅಕ್ಷರ ಗುಂಡಿನ ಜೊತೆ ಹೋಲಿಸಿ ನೋಡಿ.

ಅದೂ ಮೊದಲು ಹೋಗುವುದು ಜೇಡಿ ಮತ್ತು ಗೊಬ್ಬರದ ಅಂಶ, ಹಗುರ ಇರುವುದು. ಮರಳು, ಕಲ್ಲು ನಿಮಗೆ ಬಿಟ್ಟು ಹೋಗುತ್ತದೆ. "ಈಚೆಗೆ ಹೊಲದಲ್ಲಿ ಕಲ್ಲು ಬೆಳೀತಾ ಇದೆ" ಅಂತ ಹಿರಿಯರು ಹೇಳುವುದು ಕೇಳಿದ್ದೀರಾ? ಕಲ್ಲು ಬೆಳೆಯುವುದಿಲ್ಲ, ಮಣ್ಣು ಇಳಿಯುತ್ತದೆ.

ಜಗಳೂರು_ಜೋಳ
ನಮ್ಮಜ್ಜಿ ಹೇಳ್ತಾ ಇದ್ದಳು! ನಾವು ನಗ್ತಾ ಇದ್ದೆವು.

ನನ್ನ ಅನುಭವದಲ್ಲಿ ಕೆಟ್ಟ ಮಳೆ ಅಂದರೆ ಭರಣಿ, ಕೃತ್ತಿಕೆ. ಬೆಳೆಗೆ ಒಳ್ಳೆಯದು, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಆದರೆ ಆಗ ಹೊಲ ಬತ್ತಲೆ. ಉತ್ತು ಹರಗಿ ಪುಡಿ ಮಾಡಿ ಇಟ್ಟಿರ್ತೀವಿ. ಗುಡುಗಿನ ಮಳೆಯ ದಪ್ಪ ಹನಿ ಬಿದ್ದರೆ ಮಣ್ಣು ಎಗರಿ ಎಗರಿ ಬೀಳುತ್ತದೆ. ಮೆಕ್ಕೆಜೋಳದ ಸಾಲು ಬೇರೆ ಅಗಲ, ಒಂದು ತಿಂಗಳು ನೆಲ ಮುಚ್ಚುವುದೇ ಇಲ್ಲ. ಮೊದಲು ನಾವು ಜೋಳ, ತೊಗರಿ, ಅಲಸಂದೆ, ಹುರುಳಿ ಎಲ್ಲ ಅಕ್ಕಡಿ ಹಾಕ್ತಾ ಇದ್ದೆವು. ಈಗ ದಾವಣಗೆರೆ ಮಾರ್ಕೆಟ್ಟಿಗೆ ಮೆಕ್ಕೆಜೋಳ ಬಿಟ್ಟರೆ ಬೇರೆ ಯಾರು ಒಯ್ತಾರೆ ಹೇಳಿ. ಈ ವರ್ಷ ಒಂದು ಬದಲಾವಣೆ ಮಾಡಿದ್ದೇನೆ. ಏರಿನಿಂದ ತಗ್ಗಿಗೆ ಉಳುವುದು ಬಿಟ್ಟು ಅಡ್ಡಲಾಗಿ ಉಳುತ್ತಿದ್ದೇನೆ. ಟ್ರ್ಯಾಕ್ಟರ್ ಡ್ರೈವರ್ ಜೊತೆ ಜಗಳ ಆಯ್ತು, ತಿರುಗಿಸೋಕೆ ಡೀಸೆಲ್ ಜಾಸ್ತಿ ಅಂತ. ಬದುವಿನ ಮೇಲೆ ಲಾವಂಚ ನೆಟ್ಟೆ. ಕೋಡಿಗೆ ನಾನೇ ಕಲ್ಲು ಪೇರಿಸಿದೆ. ಈ ಸಲ ಒಡೆದಿಲ್ಲ, ಇಲ್ಲಿಯವರೆಗೆ.

ಮೊಳಕಾಲ್ಮೂರು_ಮಗ್ಗ
2001ರ ಸುಮಾರಿಗೆ ಸುಜಲ ಜಲಾನಯನ ಯೋಜನೆ ನಮ್ಮ ಚಿತ್ರದುರ್ಗ ಜಿಲ್ಲೆಗೂ ಬಂದಿತ್ತಲ್ಲ, ಆಗ ಊರವರನ್ನೇ ಕೂರಿಸಿ ಎಲ್ಲಿ ಬದು, ಎಲ್ಲಿ ಹೊಂಡ ಅಂತ ಮಾತಾಡಿಸುವ ಪದ್ಧತಿ ಇತ್ತು. ಹೊಲದವನನ್ನು ಕೇಳದೆ ಜೆಸಿಬಿ ಇಳಿಸಿದರೆ ಜಗಳೂರಿನವರ ಕಥೆಯೇ ಆಗೋದು.

ಚನ್ನಗಿರಿ_ತೋಟ
ಹೋದ ಮಣ್ಣೆಲ್ಲ ಬಂದು ಕೂರುವುದು ಕೆರೆಯಲ್ಲಿ. ನಮ್ಮ ಸೂಳೆಕೆರೆಯ ಹೂಳಿನ ಬಗ್ಗೆ ನಾವು ಮಾತಾಡದ ವರ್ಷ ಇಲ್ಲ. ಹಳೆ ಕಾಲದಲ್ಲಿ ಬೇಸಿಗೆಗೆ ಗಾಡಿ ಕಟ್ಟಿ ಕೆರೆ ಗೋಡು ಹೊಡೆದು ಹೊಲಕ್ಕೆ ಹಾಕ್ತಾ ಇದ್ದರು. ಕೆರೆಯೂ ಹಗುರ, ಹೊಲವೂ ತಂಪು.

ಕೋಟೆ_ಸುತ್ತು
ಚಂದ್ರವಳ್ಳಿಯಲ್ಲಿ ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು. ಅದರಲ್ಲಿರುವುದು ಕೆರೆಯ ವಿಷಯವೇ. ರಾಜನಿಗೂ ಕೆರೆ ಚಿಂತೆ ತಪ್ಪಿರಲಿಲ್ಲ.

ಕಲ್ಲು_ಮೇಷ್ಟ್ರು
ಕೆರೆ ಗೋಡು ಕೆಂಪು ಮರಳು ಮಣ್ಣಿಗೆ ತುಂಬಾ ಒಳ್ಳೆಯದು. ಎರೆಹೊಲಕ್ಕೆ ಅಷ್ಟು ಬೇಡ, ಅಲ್ಲಿ ಜೇಡಿ ಮೊದಲೇ ಜಾಸ್ತಿ. ಗೋಡನ್ನೂ ಪರೀಕ್ಷೆ ಮಾಡಿಸಿ ಹಾಕಿ. ಕೆಲವು ಕೆರೆ ಗೋಡು ಚೌಳು ಇರುತ್ತದೆ.

ದಾವಣಗೆರೆ_ಬೆಣ್ಣೆ
ಒಂದು ಡೌಟು. ಕಲ್ಲು ಪುಡಿ ಹೊಲಕ್ಕೆ ಚೆಲ್ಲಿದರೆ ಗಾಳಿಯ ಇಂಗಾಲ ಹೀರುತ್ತೆ, ಅದಕ್ಕೆ ದುಡ್ಡೂ ಕೊಡ್ತಾರೆ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ನಮ್ಮ ಭಾವನ ಕ್ರಷರ್ ಹತ್ತಿರ ಪುಡಿ ಗುಡ್ಡೆ ಬಿದ್ದಿದೆ. ಬಿಸಿನೆಸ್ ಮಾಡೋಣ್ವಾ?

ಕಲ್ಲು_ಮೇಷ್ಟ್ರು
ವಿಷಯ ಸುಳ್ಳಲ್ಲ. ಮೇಲೆ ಹೇಳಿದೆನಲ್ಲ, ಮಳೆಯ ಹುಳಿ ಕಲ್ಲನ್ನು ತಿನ್ನುವಾಗ ಇಂಗಾಲ ನೀರಲ್ಲಿ ಕರಗಿದ ರೂಪಕ್ಕೆ ತಿರುಗಿ ಸಮುದ್ರ ಸೇರುತ್ತದೆ. ಕಲ್ಲನ್ನು ಪುಡಿ ಮಾಡಿದರೆ ಆ ಕೆಲಸ ಬೇಗ ಆಗುತ್ತದೆ. ಆದರೆ ಅದಕ್ಕೆ ಬಸಾಲ್ಟ್‌ನಂಥ ಕಪ್ಪು ಕಲ್ಲು ಬೇಕು, ಚೆನ್ನಾಗಿ ಮಳೆ ಬೇಕು, ಮಣ್ಣು ಹುಳಿ ಇರಬೇಕು. ಗ್ರಾನೈಟ್ ಪುಡಿಯಲ್ಲಿ ಅರ್ಧಕ್ಕರ್ಧ ಬೇಗ ಕರಗದ ಹರಳೇ. ಚಳ್ಳಕೆರೆಯ ಸುಣ್ಣದ ಮಣ್ಣಿಗೆ ಹಾಕಿದರೆ ಸುಮ್ನೆ ಧೂಳು. ಕಪ್ಪು ಕಲ್ಲು ನಮ್ಮಲ್ಲೂ ಇದೆ, ಮರಡಿಹಳ್ಳಿಯಲ್ಲಿ ಸಮುದ್ರದಡಿ ಉಕ್ಕಿದ ಲಾವಾ ದಿಂಬಿನ ಹಾಗೆ ಗಟ್ಟಿಯಾಗಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನಿಮ್ಮ ಭಾವನಿಗೆ ಹೇಳಬೇಡಿ.

ಕೋಟೆ_ಸುತ್ತು
ಕಲ್ಲು ತಾನೇ ಹುಳಿ ಆಗುವುದು ಇದೆಯಾ ಸರ್? ಅಂಗಡಿಯವರು ಹಾಗೆ ಹೇಳಿದ್ದರಲ್ಲ.

ಕಲ್ಲು_ಮೇಷ್ಟ್ರು
ಒಂದು ಜಾತಿ ಇದೆ. ಪೈರೈಟ್ ಅಂತ, ಕಬ್ಬಿಣ ಗಂಧಕ ಸೇರಿದ್ದು, ಚಿನ್ನದ ಹಾಗೆ ಹೊಳೆಯುತ್ತದೆ. ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತಲ್ಲ, ಅಂಥ ಗಂಧಕದ ಅದಿರಿನಲ್ಲಿ ಸಿಗುತ್ತದೆ. ಗಾಳಿ, ನೀರು ಎರಡೂ ತಾಗಿದರೆ ಗಂಧಕಾಮ್ಲ ಬಿಡುತ್ತದೆ, ಜೊತೆಗೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಶೇಂಗಾ ಹೊಲದ ಗರಸಿನಲ್ಲಿ ಇಂಥದ್ದಕ್ಕೆ ಜಾಗ ಇಲ್ಲ. ತಮಾಷೆ ಏನೆಂದರೆ ಶೇಂಗಾದವರಿಗೆ ಔಷಧಿ ಇದೇ ಅನ್ನಭೇದಿ.

ಪರಶುರಾಂಪುರ_ಶೇಂಗಾ
ವರದಿ ಬಂತು. ತಗ್ಗಿನದು 8.4, ಏರಿನದು 7.1. ಲವಣ ಜಾಸ್ತಿ ಇಲ್ಲ, ಚೌಳು ಅಲ್ಲ ಅಂದರು. ಅನ್ನಭೇದಿ ಹೇಗೆ ಹೊಡೆಯಲಿ?

ಕಲ್ಲು_ಮೇಷ್ಟ್ರು
ಚನ್ನಗಿರಿಯವರ 5.4ಕ್ಕೂ ನಿಮ್ಮ 8.4ಕ್ಕೂ ವ್ಯತ್ಯಾಸ ಮೂರು ಅಂಕಿ ಅಂತ ಹಗುರ ಮಾಡಬೇಡಿ. ಒಂದೊಂದು ಅಂಕಿಗೂ ಹತ್ತು ಪಟ್ಟು. ಮೂರು ಅಂದರೆ ಸಾವಿರ ಪಟ್ಟು. ಒಂದೇ ಚೀಲ ಸುಣ್ಣ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ವಿಷ ಆಗುವುದು ಅದಕ್ಕೆ.

ಅನ್ನಭೇದಿ ಲೀಟರಿಗೆ 5 ಗ್ರಾಂ, ನಿಂಬೆಉಪ್ಪು 1 ಗ್ರಾಂ. ಹದಿನಾರು ಲೀಟರ್ ಕ್ಯಾನಿಗೆ 80 ಗ್ರಾಂ ಮತ್ತು 16 ಗ್ರಾಂ. ತಿಳಿಹಸಿರು ಹರಳು ತನ್ನಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಹಳತು, ಬೇಡ. ಕಲಸಿದ ತಕ್ಷಣ ಹೊಡೆಯಿರಿ, ಸಂಜೆ ಹೊತ್ತು. ಹತ್ತು ಹದಿನೈದು ದಿನಕ್ಕೆ ಇನ್ನೊಂದು ಸಲ. ತಗ್ಗಿನ ನೀರು ಬಸಿಯಲು ಕಾಲುವೆ ಮಾಡಿ. ಊಡು (ಹೂವಿನಿಂದ ಮಣ್ಣಿಗೆ ಇಳಿದು ಕಾಯಿ ಕಟ್ಟುವ ಕಡ್ಡಿ) ಇಳಿಯುವ ಹೊತ್ತಿಗೆ ಜಿಪ್ಸಂ ಎಕರೆಗೆ 200 ಕೆಜಿ ಕೊಡಿ. ಜಿಪ್ಸಂ ಬೇರೆ, ಸುಣ್ಣ ಬೇರೆ. ಜಿಪ್ಸಂ ಪಿಎಚ್ ಏರಿಸುವುದಿಲ್ಲ.

ಪರಶುರಾಂಪುರ_ಶೇಂಗಾ
ಹೊಡೆದು ಒಂಬತ್ತು ದಿನ ಆಯ್ತು. ಹೊಸ ಎಲೆ ಹಸಿರು ಬರ್ತಾ ಇವೆ! ಹಳೆ ಹಳದಿ ಕೆಲವು ಹಾಗೇ ಇವೆ. ನೀರು ನಿಂತಿದ್ದ ಒಂದು ಗುಂಡಿಯಲ್ಲಿ ಗಿಡ ಸತ್ತೇ ಹೋಗಿವೆ, ಪರವಾಗಿಲ್ಲ. ಎಲ್ಲರಿಗೂ ಧನ್ಯವಾದ. ಸುಣ್ಣ ವಾಪಸ್ ತಗೊಳ್ಳಿ ಅಂದರೆ ಅಂಗಡಿಯವರು ಆಗಲ್ಲ ಅಂದರು. ಅಪ್ಪ ಒಂದು ಚೀಲ ಒಡೆದು ಕೊಟ್ಟಿಗೆ ಗೋಡೆಗೆ ಬಳಿದರು. ಒಣಗಿದ ಮೇಲೆ ಎಲ್ಲ ಉದುರಿಹೋಯ್ತು, ಎಮ್ಮೆ ಬೆಳ್ಳಗಾಗಿದೆ. ಸುಣ್ಣವೂ ಡೂಪ್ಲಿಕೇಟ್ ಇರಬೇಕು.

ಚನ್ನಗಿರಿ_ತೋಟ
ಡೂಪ್ಲಿಕೇಟ್ ಅಲ್ಲ ಬ್ರದರ್, ಅದು ಸುಡದ ಸುಣ್ಣಕಲ್ಲಿನ ಪುಡಿ. ಗೋಡೆಗೆ ಹಿಡಿಯೋದಿಲ್ಲ. ನನ್ನ ತೋಟಕ್ಕೆ ಬೇಕಾಗಿರೋದು ಅದೇ. ಹತ್ತೊಂಬತ್ತು ಚೀಲಕ್ಕೆ ನೀವು ಕೊಟ್ಟ ರೇಟೇ ಕೊಡ್ತೀನಿ, ಗಾಡಿ ನಂದೇ. ಭಾನುವಾರ ಬರಲಾ?

ಪರಶುರಾಂಪುರ_ಶೇಂಗಾ
ಬನ್ನಿ ಅಣ್ಣ, ಊಟಕ್ಕೇ ಬನ್ನಿ. ಅಮ್ಮ ನಿಂಬೆಹಣ್ಣು ಮಾತ್ರ ನೀವೇ ತರಬೇಕಂತೆ.